ಸ್ಟೇಷನ್ನು ಏರ್‌ಪೋರ್ಟ್ ಆಗೋದು ಆಮೇಲೆ, ಮೊದ್ಲು ಸ್ಟೇಷನ್ ಆಗ್ಲಿ ಸ್ವಾಮಿ!

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕೆಲಸ ಜಾಸ್ತಿ ಅನ್ನಿ, ಸೋಮಾರಿತನ ಅನ್ನಿ, ಎರಡೂ ನಿಜ. ಆದ್ರೆ ಮೊನ್ನೆ ಭಾನುವಾರ ಅಪ್ಪ ಹೇಳಿದ ಒಂದು ಮಾತು ತಲೆಯಿಂದ ಇಳೀತಾನೇ ಇಲ್ಲ. ಬರೆದು ಇಳಿಸಿಬಿಡೋಣ ಅಂತ ಕೂತಿದೀನಿ.

ಆಗಿದ್ದಿಷ್ಟು. ಚಿಕ್ಕಪ್ಪನ ಮಗ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದ. ನಮ್ಮ ಬೆಂಗಳೂರು ಕಂಟೋನ್ಮೆಂಟ್ ಸ್ಟೇಷನ್ನು ಹೊಸದಾದ ಮೇಲೆ ಹೇಗಿರುತ್ತೆ ಅಂತ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಗಾಜಿನ ಗೋಡೆ, ಎಸ್ಕಲೇಟರು, ಹಳಿಗಳ ಮೇಲೆ ತೇಲೋ ಹಾಗಿರೋ ದೊಡ್ಡ ಹಾಲು, ಅದರೊಳಗೆ ಅಂಗಡಿ ಸಾಲು, ಕೈಯಲ್ಲಿ ಕಾಫಿ ಕಪ್ಪು ಹಿಡಿದು ನಗ್ತಾ ಓಡಾಡೋ ಗೊಂಬೆ ಜನ. ಅಪ್ಪಂಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದ್ರು.

"ಚೆನ್ನಾಗೈತೆ. ಟ್ರೈನ್ ಎಲ್ಲೋ?" ಅಂದ್ರು.

ನಾನು ಮತ್ತೆ ಹಾಕಿ ನೋಡಿದೆ. ನಿಜ! ಎರಡು ನಿಮಿಷದ ವಿಡಿಯೋದಲ್ಲಿ ಎಲ್ಲ ಇತ್ತು, ಸರಿಯಾಗಿ ಕಾಣೋ ಹಾಗೆ ಒಂದು ರೈಲು ಮಾತ್ರ ಇರಲಿಲ್ಲ.

ಅಪ್ಪ 1979ರಿಂದ 2007ರವರೆಗೆ, ಅಂದ್ರೆ 28 ವರ್ಷ, ದಿನಾ ಬಂಗಾರಪೇಟೆಯಿಂದ ಕಂಟೋನ್ಮೆಂಟಿಗೆ ಹೋಗಿ ಬಂದವರು. ಇಳಿದು ವಿಧಾನಸೌಧದ ಹತ್ತಿರದ ಆಫೀಸಿಗೆ ನಡೆದೇ ಹೋಗ್ತಿದ್ರು. ಈಗ ನಾನು ಅದೇ ಹಳಿ ಮೇಲೆ, ಅದೇ ಥರ ಒಂದು ಪಾಸು ಜೇಬಲ್ಲಿ ಇಟ್ಕೊಂಡು ಓಡಾಡ್ತೀನಿ. ಹಾಗಾಗಿ ಈ ಸ್ಟೇಷನ್ ಬಗ್ಗೆ ಮಾತಾಡೋಕೆ ನಂಗೂ ಸ್ವಲ್ಪ ಹಕ್ಕಿದೆ ಅಂದ್ಕೊಂಡಿದೀನಿ.

ಮೊದಲೇ ಹೇಳಿಬಿಡ್ತೀನಿ. ನಾನು ಅಭಿವೃದ್ಧಿ ವಿರೋಧಿ ಅಲ್ಲ. ಹಳೇದೆಲ್ಲ ಹೊನ್ನು ಅನ್ನೋ ಜಾತಿಯವನೂ ಅಲ್ಲ. ಸೋರುವ ಮಾಡು, ಮೂಗು ಮುಚ್ಚಿಕೊಂಡು ಹೋಗಬೇಕಾದ ಶೌಚಾಲಯ ಇವನ್ನೆಲ್ಲ 'ಪರಂಪರೆ' ಅಂತ ಕರೆಯೋ ಹುಚ್ಚು ನಂಗಿಲ್ಲ. ನನ್ನ ಜಗಳ ಬೇರೆ. ಓದಿ.

ಸ್ವಲ್ಪ ಹಳೇ ಕಥೆ

ಬೆಂಗಳೂರಿಗೆ ರೈಲು ಬಂದಿದ್ದು 1864ರಲ್ಲಿ. ಮದ್ರಾಸ್ ರೈಲ್ವೆ ಕಂಪನಿಯವರು ಜೋಲಾರ್‌ಪೇಟೆಯಿಂದ ಹಳಿ ಹಾಕಿಕೊಂಡು ಬಂದರು. ಬಂದಿದ್ದೆಲ್ಲಿಗೆ? ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ ಇದ್ದ ಹಳೇ ಊರಿಗಲ್ಲ. ದಂಡಿಗೆ, ಅಂದ್ರೆ ಕಂಟೋನ್ಮೆಂಟಿಗೆ. ಆ ರೈಲಿನ ಮುಖ್ಯ ಉದ್ದೇಶ ಮದ್ರಾಸಿನಿಂದ ಸಿಪಾಯಿಗಳನ್ನು, ಸಾಹೇಬರನ್ನು, ಅವರ ಸಾಮಾನನ್ನು ದಂಡು ಪ್ರದೇಶಕ್ಕೆ ತಂದು ಇಳಿಸೋದು. ಪೇಟೆಯ ಜನಕ್ಕೆ ರೈಲು ಬೇಕಿದ್ರೆ ಜಟಕಾ ಹತ್ತಿ ಇಲ್ಲೀವರೆಗೂ ಬರಬೇಕಿತ್ತು. ಈಗ ಮೆಜೆಸ್ಟಿಕ್ ಎದುರು ಇರೋ ಸಿಟಿ ಸ್ಟೇಷನ್ನಿಗೆ ಹಳಿ ಹೋಗಿದ್ದು ಆಮೇಲೆ, 1880ರ ದಶಕದ ಆಸುಪಾಸಿನಲ್ಲಿ, ಮೈಸೂರಿನ ಕಡೆಯ ಮೀಟರ್ ಗೇಜ್ ಮಾರ್ಗ ತಯಾರಾಗುತ್ತಿದ್ದ ಕಾಲಕ್ಕೆ.

ನಮ್ಮೂರಿನ ಹೆಸರೇ ನೋಡಿ. ಆ ಹಳಿ ಹಾಕಿದ ಕಾಲದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಲ್ಲಿ ಬೌರಿಂಗ್‌ಪೇಟೆ ಆಯ್ತು. ನಮ್ಮ ಬಾಯಲ್ಲಿ ಬಂಗಾರಪೇಟೆ. ಪಕ್ಕದ ಕೋಲಾರದ ಗಣಿಯಲ್ಲಿ ಬಂಗಾರ ಇದ್ದಿದ್ದರಿಂದ ಹೆಸರು ಚೆನ್ನಾಗೇ ಹೊಂದಿಕೊಂಡಿತು! 1890ರ ದಶಕದಲ್ಲಿ ಇಲ್ಲಿಂದ ಗಣಿಗೆ ಒಂದು ಕವಲು ಹಾಕಿದರು. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ಸಣ್ಣ ಸಣ್ಣ ಸ್ಟೇಷನ್ನುಗಳು. ಅದೂ ಊರ ಜನಕ್ಕೆ ಅಂತ ಹಾಕಿದ್ದಲ್ಲ, ಗಣಿಗೆ ಅಂತ ಹಾಕಿದ್ದು.

ಆಮೇಲೆ ಏನಾಯ್ತು? ದಂಡು ಹೋಯ್ತು. 1947ರಲ್ಲಿ ಆ ಜಾಗ ಮೈಸೂರಿಗೆ ವಾಪಸ್ ಬಂತು, 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ಕಾರ್ಪೊರೇಷನ್ ಆಯ್ತು. 2001ರ ಫೆಬ್ರವರಿ ಕೊನೆಗೆ ಗಣಿಯೂ ಮುಚ್ಚಿತು. ಸಿಪಾಯಿಗೆ ಅಂತ ಕಟ್ಟಿದ ಸ್ಟೇಷನ್ನು, ಗಣಿಗೆ ಅಂತ ಹಾಕಿದ ಹಳಿ, ಎರಡನ್ನೂ ನಮ್ಮಂಥವರು ನಮ್ಮದು ಮಾಡಿಕೊಂಡೆವು. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳಲ್ಲಿ ಒಲೆ ಉರಿದಿದ್ದು ಬೆಳಗಿನ ಜಾವದ ಬೆಂಗಳೂರು ಗಾಡಿಯಿಂದ. ಇದು ಅತಿಶಯೋಕ್ತಿ ಅಲ್ಲ. ನಂಬಿಕೆ ಇಲ್ಲದಿದ್ರೆ ಒಂದು ಸೋಮವಾರ ಬೆಳಿಗ್ಗೆ ಮಾರಿಕುಪ್ಪಂ ಗಾಡಿ ಹತ್ತಿ ನೋಡಿ. ಹತ್ತೋಕಾದ್ರೆ!

ನಮ್ಮ ಬೆಳಗಿನ ಗಾಡಿ

ಬಂಗಾರಪೇಟೆಗೆ ಬರೋ ಹೊತ್ತಿಗೇ ಸೀಟು ಇರಲ್ಲ. ಟೇಕಲ್ಲಿಗೆ ಬರೋ ಹೊತ್ತಿಗೆ ನಿಲ್ಲೋಕೆ ಜಾಗ ಇರಲ್ಲ. ಮಾಲೂರಿನಲ್ಲಿ ಹತ್ತುವವರು ಬಾಗಿಲಲ್ಲಿ ಜೋತು ಬೀಳ್ತಾರೆ. ದೇವನಗೊಂದಿ ದಾಟಿದ ಮೇಲೆ ಯಾವುದಾದ್ರೂ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಬೇಕು ಅಂತ ನಿಲ್ಲಿಸ್ತಾರೆ. ಅಲ್ಲಿಗೆ ಇಡೀ ಬೋಗಿ ಗಡಿಯಾರ ನೋಡೋಕೆ ಶುರು ಮಾಡುತ್ತೆ.

ನಮ್ಮ ಬೋಗಿಯಲ್ಲಿ ಊರ್ಗಾಂನಿಂದ ಬರೋ ಒಬ್ಬ ಅಕ್ಕ ಇದ್ದಾರೆ. ಅವರ ತಂದೆ ಗಣಿ ಕೆಲಸದವರು. ಇವರು ವೈಟ್‌ಫೀಲ್ಡ್ ಕಡೆಯ ಒಂದು ಆಫೀಸಿನಲ್ಲಿ ಕಸ ಗುಡಿಸಿ ನೆಲ ಒರೆಸೋ ಕೆಲಸ ಮಾಡ್ತಿದ್ದರು, ಈಗ ವಸಂತನಗರದ ಕಡೆ ಬಂದಿದ್ದಾರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಡುಗೆ ಮಾಡಿಟ್ಟು ಬರ್ತಾರೆ. ಅವರೆಕಾಯಿ ಕಾಲದಲ್ಲಿ ವಾಪಸ್ ಹೋಗುವಾಗ ಗಾಡಿಯಲ್ಲೇ ಕಾಯಿ ಸುಲಿದು ಮುಗಿಸ್ತಾರೆ. ಕಾಲು ಗಂಟೆ ತಡ ಆದ್ರೆ ಅವರಿಗೆ ಅರ್ಧ ದಿನದ ಕೂಲಿ ಕಟ್. ತಿಂಗಳಿಗೆ ನಾಲ್ಕು ಸಲ ಹಾಗಾದ್ರೆ ಎರಡು ದಿನದ ದುಡಿಮೆ ಹೋಯ್ತು.

ಕೋವಿಡ್ ಆದ ಮೇಲೆ ಏನಾಯ್ತು ನೆನಪಿದೆಯಾ? ಪ್ಯಾಸೆಂಜರ್ ಗಾಡಿಗಳನ್ನೆಲ್ಲ 'ಸ್ಪೆಷಲ್' ಅಂತ ಹೆಸರು ಬದಲಾಯಿಸಿ, 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ಟನ್ನು 30 ಮಾಡಿದ್ರು. ಅದೇ ಗಾಡಿ, ಅದೇ ವೇಗ, ಅದೇ ನಿಲ್ಲಿಸೋ ಜಾಗ! ಮತ್ತೆ 10 ರೂಪಾಯಿ ಆಗಿದ್ದು 2024ರ ಫೆಬ್ರವರಿಯಲ್ಲಿ. ಆ ಮಧ್ಯದ ವರ್ಷಗಳಲ್ಲೇ, ಈ ಕಡೆ ಗಾಜಿನ ಸ್ಟೇಷನ್ನುಗಳ ಘೋಷಣೆ ನಡೀತಿತ್ತು ಅನ್ನೋದನ್ನ ಗಮನಿಸಿ.

ಒಂದು ದಿನ, ನಾಲ್ಕು ಕೆಲಸ

2022ರ ಜೂನ್ 20. ಪ್ರಧಾನಿ ಬೆಂಗಳೂರಿಗೆ ಬಂದಿದ್ರು. ಅವತ್ತು ರೈಲ್ವೆಗೆ ಸಂಬಂಧಿಸಿ ಆದ ಕೆಲಸಗಳಲ್ಲಿ ನಾಲ್ಕನ್ನು ಅಕ್ಕಪಕ್ಕ ಇಟ್ಟು ನೋಡಿ.

ಒಂದು, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಲೋಕಾರ್ಪಣೆ, ಸುಮಾರು 315 ಕೋಟಿ. ಎರಡು, ಕಂಟೋನ್ಮೆಂಟ್ ಸ್ಟೇಷನ್ ಮರುನಿರ್ಮಾಣಕ್ಕೆ ಶಂಕುಸ್ಥಾಪನೆ, ಸುಮಾರು 500 ಕೋಟಿ ಅಂದ್ರು. ಮೂರು, ಯಶವಂತಪುರಕ್ಕೆ ಸುಮಾರು 375 ಕೋಟಿ. ಕೂಡಿಸಿದ್ರೆ ಮೂರು ಕಟ್ಟಡಕ್ಕೆ 1,190 ಕೋಟಿ.

ನಾಲ್ಕನೇದು ಉಪನಗರ ರೈಲು ಯೋಜನೆ. 148 ಕಿಲೋಮೀಟರ್, 15,767 ಕೋಟಿ, ನಾಲ್ಕು ಮಾರ್ಗ. 1983ರಿಂದ ಮಾತಾಡಿಕೊಂಡೇ ಬಂದಿದ್ದು. 'ಚುಕು ಬುಕು ಬೇಕು' ಅಂತ ಬೆಂಗಳೂರಿನ ಜನ ಬೀದಿಗಿಳಿದು ಕೇಳಿದ್ದು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು. ಅವತ್ತು ವೇದಿಕೆ ಮೇಲೆ ಕೊಟ್ಟ ಮಾತು: 40 ತಿಂಗಳಲ್ಲಿ ಮುಗಿಸ್ತೀವಿ.

40 ತಿಂಗಳು 2025ರ ಅಕ್ಟೋಬರಿಗೆ ಮುಗೀತು. ಒಂದೇ ಒಂದು ಉಪನಗರ ರೈಲು ಓಡಿರಲಿಲ್ಲ. ಅಷ್ಟೇ ಅಲ್ಲ, ಅದೇ ವರ್ಷ ದೊಡ್ಡ ಗುತ್ತಿಗೆದಾರ ಕಂಪನಿಯೇ ಎರಡು ಮಾರ್ಗದ ಕೆಲಸ ಕೈಬಿಟ್ಟು ಹೊರಟಿತ್ತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಮಾರ್ಗಗಳಿಗೆ ಹೆಸರು ಮಾತ್ರ ಚೆನ್ನಾಗಿ ಇಟ್ಟಿದ್ದಾರೆ. ಇದರಲ್ಲಿ ಪಾರಿಜಾತ ಅಂದ್ರೆ ಕೆಂಗೇರಿಯಿಂದ ಕಂಟೋನ್ಮೆಂಟ್ ಮೇಲೆ ವೈಟ್‌ಫೀಲ್ಡಿಗೆ ಹೋಗಬೇಕಾದ್ದು. ಅದೇ ನಮ್ಮ ಹಳಿ! ಪಾರಿಜಾತದ ಹೂವು ಬೆಳಗಾಗೋದ್ರಲ್ಲಿ ಉದುರುತ್ತೆ ಅಂತ ಗೊತ್ತಿತ್ತು. ಇದು ಮೊಗ್ಗೇ ಬಿಡಲಿಲ್ಲ.

ಕಟ್ಟಡದ ಕೆಲಸಕ್ಕೆ ಕ್ರೇನ್ ಬರುತ್ತೆ, ರೈಲಿನ ಕೆಲಸಕ್ಕೆ ಜಾಗ ಸಿಗಲ್ಲ. ಯಾಕೆ ಅಂತ ಯೋಚಿಸಿದ್ದೀರಾ? ನಂಗೆ ಅನ್ನಿಸೋದು ಇಷ್ಟು. ಕಟ್ಟಡ ಫೋಟೋದಲ್ಲಿ ಬರುತ್ತೆ, ಅದರ ಮುಂದೆ ನಿಂತು ಟೇಪು ಕತ್ತರಿಸಬಹುದು. 'ಬೆಳಿಗ್ಗೆ ಏಳರಿಂದ ಹತ್ತರವರೆಗೆ ಹತ್ತು ನಿಮಿಷಕ್ಕೊಂದು ಗಾಡಿ' ಅನ್ನೋದನ್ನ ಫೋಟೋ ತೆಗೆಯೋದು ಹೇಗೆ? ಅದು ಬರೀ ವೇಳಾಪಟ್ಟಿಯಲ್ಲಿ ಕಾಣುತ್ತೆ, ನಮ್ಮಂಥವರ ಹಾಜರಿ ಪುಸ್ತಕದಲ್ಲಿ ಕಾಣುತ್ತೆ.

ಬೈಯಪ್ಪನಹಳ್ಳಿ ಕಲಿಸಿದ ಪಾಠ

ವಿಶ್ವೇಶ್ವರಯ್ಯ ಟರ್ಮಿನಲ್ ನಿಜಕ್ಕೂ ಚೆನ್ನಾಗಿದೆ. ಏಳು ಪ್ಲಾಟ್‌ಫಾರಂ, ಪೂರ್ತಿ ಹವಾನಿಯಂತ್ರಿತ, ಥೇಟ್ ಏರ್‌ಪೋರ್ಟು. 2021ರಲ್ಲೇ ಹೆಚ್ಚುಕಮ್ಮಿ ತಯಾರಾಗಿತ್ತು. ಮೊದಲ ರೈಲು ಹೊರಟಿದ್ದು 2022ರ ಜೂನ್ 6ಕ್ಕೆ. ಮಧ್ಯದ ಒಂದು ವರ್ಷಕ್ಕೂ ಹೆಚ್ಚು ಕಾಲ ದೀಪ, ಗಾಜು, ಕಾರಂಜಿ ಎಲ್ಲ ಇಟ್ಕೊಂಡು ಖಾಲಿ ಕೂತಿತ್ತು.

ರೈಲು ಶುರುವಾದ ಮೇಲೆ ಇನ್ನೊಂದು ಸಂಗತಿ ಗೊತ್ತಾಯ್ತು. ಅಲ್ಲಿಗೆ ಹೋಗೋದು ಹೇಗೆ? 'ಬೈಯಪ್ಪನಹಳ್ಳಿ' ಅಂತ ಮೆಟ್ರೋ ಸ್ಟೇಷನ್ ಇದೆಯಲ್ಲ, 2011ರಲ್ಲಿ ನಮ್ಮ ಮೆಟ್ರೋದ ಮೊಟ್ಟಮೊದಲ ರೈಲು ಓಡಿದ್ದೇ ಅಲ್ಲಿಂದ. ಹೆಸರು ಒಂದೇ ಅಂತ ನಂಬಿ ಇಳಿದ್ರೆ ಕೆಟ್ಟಿರಿ. ಮೆಟ್ರೋ ಪಕ್ಕ ಇರೋದು ಬೈಯಪ್ಪನಹಳ್ಳಿಯ ಹಳೇ ಸಣ್ಣ ಸ್ಟೇಷನ್ನು. ಟರ್ಮಿನಲ್ ಇರೋದು ಬೇರೆ ಕಡೆ, ಬಾಣಸವಾಡಿ ಹೋಗೋ ಹಳಿ ಮೇಲೆ. ರಾತ್ರಿ ಹತ್ತಕ್ಕೆ ಎರಡು ಮಕ್ಕಳು ಮೂರು ಬ್ಯಾಗು ಹಿಡ್ಕೊಂಡು ನಿಂತವರಿಗೆ ಆಟೋದವರು ಹೇಳಿದ್ದೇ ರೇಟು.

ಏರ್‌ಪೋರ್ಟಿನ ಹಾಗೆ ಕಟ್ಟಿದ್ದೇನೋ ಸರಿ, ಏರ್‌ಪೋರ್ಟಿನ ಹಾಗೆ ಊರಿಂದ ದೂರವೂ ಆಗಿಬಿಡ್ತು! ವಿಶ್ವೇಶ್ವರಯ್ಯನವರು ಲೆಕ್ಕ ತಪ್ಪದ ಮನುಷ್ಯ. ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ನೋಡಿಯೇ ಅಣೆಕಟ್ಟಿಗೆ ಕೈ ಹಾಕಿದವರು. ಅವರ ಹೆಸರಿಟ್ಟ ಸ್ಟೇಷನ್ನಿಗೆ ಜನ ಎಲ್ಲಿಂದ ಬರ್ತಾರೆ, ಎಲ್ಲಿಗೆ ಹೋಗ್ತಾರೆ ಅಂತ ಕೊನೆಗೆ ಯೋಚಿಸಿದ್ವಲ್ಲ, ಅದಕ್ಕೇನನ್ನೋಣ?

ಮೆಟ್ರೋ ಅಲ್ಲಿ, ರೈಲು ಇಲ್ಲಿ

ಕಂಟೋನ್ಮೆಂಟಿನಲ್ಲಾದ್ರೂ ಈ ತಪ್ಪು ಆಗಲ್ಲ ಅಂದ್ಕೊಂಡಿದ್ದೆ. ಯಾಕಂದ್ರೆ ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗೋ ಗುಲಾಬಿ ಮೆಟ್ರೋ ಮಾರ್ಗದ ಮೂಲ ಯೋಜನೆಯಲ್ಲಿ ಸುರಂಗದ ಸ್ಟೇಷನ್ನು ಕಂಟೋನ್ಮೆಂಟ್ ರೈಲು ನಿಲ್ದಾಣದಲ್ಲೇ ಇತ್ತು. ರೈಲು ಇಳಿದು, ಮೆಟ್ಟಿಲಿಳಿದು, ಮೆಟ್ರೋ ಹತ್ತೋದು. ಇದಕ್ಕಿಂತ ಸರಳ ಏನಿದೆ?

ಆಮೇಲೆ ಅದನ್ನು ಬಂಬೂ ಬಜಾರ್ ಮೈದಾನದ ಕಡೆಗೆ ಸರಿಸಿದ್ರು. ಮಾರ್ಗ ಚಿಕ್ಕದಾಗುತ್ತೆ, ಖರ್ಚು ಮತ್ತು ಸಮಯ ಉಳಿಯುತ್ತೆ ಅನ್ನೋದು ಕೊಟ್ಟ ಕಾರಣ. ಪ್ರಯಾಣಿಕರ ಸಂಘಟನೆಗಳು ಬೇಡ ಅಂತ ಕೂಗಿದವು. ಮೈದಾನದಲ್ಲಿ ಆಡೋ ಹುಡುಗರೂ ಬೇಡ ಅಂದ್ರು. ಯಾರೂ ಕೇಳಲಿಲ್ಲ.

ಲೆಕ್ಕ ಮಾಡಿ ನೋಡಿ. ಕಟ್ಟುವವರಿಗೆ ಒಂದು ಸಲ ದುಡ್ಡು ಉಳೀತು. ಅದರ ಬದಲು ದಿನಾ ಬದಲಾಯಿಸಿ ಹತ್ತುವ ಪ್ರತಿಯೊಬ್ಬರೂ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಇನ್ನು ನೂರು ವರ್ಷ ರಸ್ತೆಗಿಳಿದು ನಡೀಬೇಕು. ಮಳೆ, ಬಿಸಿಲು, ಟ್ರಾಫಿಕ್ಕು. ಇದನ್ನು ಉಳಿತಾಯ ಅಂತಾರಾ? ಖರ್ಚನ್ನು ಅವರ ಖಾತೆಯಿಂದ ನಮ್ಮ ಕಾಲಿಗೆ ವರ್ಗಾವಣೆ ಮಾಡಿದ್ದು ಅಷ್ಟೇ. ಈ ಕಡೆ ನೋಡಿದ್ರೆ ಅದೇ ಸ್ಟೇಷನ್ನಿಗೆ ಹಳಿ ಮೇಲೆ ಭವ್ಯ ಹಾಲು!

ಇನ್ನು ಪಕ್ಕದ ರೈಲ್ವೆ ಕಾಲನಿ. ಅಲ್ಲಿ ವಾಣಿಜ್ಯ ಉದ್ದೇಶಕ್ಕೆ ಅಂತ ಗುತ್ತಿಗೆ ಕೊಟ್ಟ ಜಾಗದಲ್ಲಿ 368 ಮರ ಕಡಿಯೋ ಪ್ರಸ್ತಾಪ ಬಂದು, 2025ರಲ್ಲಿ ಜನ ಸೇರಿ ದೊಡ್ಡ ಪ್ರತಿಭಟನೆಯೇ ಆಯ್ತು. ನಗರದ ನಡುವೆ, ಸ್ಟೇಷನ್ನಿನ ಪಕ್ಕದಲ್ಲಿ ಸರ್ಕಾರದ ಜಾಗ ಇದ್ರೆ ಮೊದಲು ಏನು ನೆನಪಾಗಬೇಕು? ಇನ್ನೆರಡು ಹಳಿ, ಬಸ್ಸು ನಿಲ್ಲೋ ಜಾಗ, ನೆರಳು. ನಮ್ಮವರಿಗೆ ಮೊದಲು ನೆನಪಾಗೋದು ಬಾಡಿಗೆ.

ಮರುನಿರ್ಮಾಣದ ಕೆಲಸಕ್ಕೆ ಅಂತ 2024ರ ಸೆಪ್ಟೆಂಬರಿನಿಂದ ಸುಮಾರು ಮೂರು ತಿಂಗಳು ನಲವತ್ತಕ್ಕೂ ಹೆಚ್ಚು ರೈಲುಗಳಿಗೆ ಕಂಟೋನ್ಮೆಂಟಿನಲ್ಲಿ ನಿಲುಗಡೆ ರದ್ದು ಮಾಡಿದ್ದರು. ಕೆಲಸ ನಡೆಯುವಾಗ ತೊಂದರೆ ಆಗುತ್ತೆ, ಒಪ್ಪೋಣ. ಮದುವೆ ಮನೆಯಲ್ಲಿ ಚಪ್ಪರ ಹಾಕುವಾಗ ಅಂಗಳ ಬಿಟ್ಟುಕೊಡಬೇಕು. ಆದ್ರೆ ಚಪ್ಪರ ಎದ್ದ ಮೇಲೆ ಮದುವೆ ಇರಬೇಕಲ್ಲ? ಇಷ್ಟೆಲ್ಲ ಆದ ಮೇಲೆ ಬೆಳಿಗ್ಗೆ ಒಂದು ಗಾಡಿಯಾದ್ರೂ ಹೆಚ್ಚಾಗುತ್ತಾ ಅಂತ ಕೇಳಿದ್ರೆ ಆ ಚೆಂದದ ವಿಡಿಯೋದಲ್ಲಿ ಉತ್ತರ ಇಲ್ಲ.

"ಹಂಗಾದ್ರೆ ನಿಮಗೆ ಒಳ್ಳೇ ಸ್ಟೇಷನ್ ಬೇಡ್ವಾ?"

ಇದನ್ನ ಆಫೀಸಿನ ಗೆಳೆಯನೊಬ್ಬ ಕೇಳಿದ. ಬಡವರು ಅಂದ್ರೆ ಕೊಳಕು ಸ್ಟೇಷನ್ನಿನಲ್ಲೇ ಇರಬೇಕಾ, ಅವರಿಗೂ ಒಂದು ಎಸ್ಕಲೇಟರ್ ಸಿಕ್ಕಿದ್ರೆ ನಿಂಗೇನು ಹೊಟ್ಟೆಕಿಚ್ಚು ಅಂತ. ಪ್ರಶ್ನೆ ಸರಿಯಾಗೇ ಇದೆ. ನಂಗೂ ಎಸ್ಕಲೇಟರ್ ಬೇಕು. ಅಮ್ಮಂಗೆ ಮಂಡಿ ನೋವು. ಒಂದು ಸ್ಟೇಷನ್ನಿನಲ್ಲಿ, ಯಾವುದು ಅಂತ ಹೇಳಲ್ಲ, ಲಿಫ್ಟಿಗೆ ಹಗ್ಗ ಕಟ್ಟಿ 'ದುರಸ್ತಿಯಲ್ಲಿದೆ' ಅಂತ ಬೋರ್ಡು ಹಾಕಿದ್ರು. ಮೆಟ್ಟಿಲ ಮೇಲೆ ಮೂರು ಕಡೆ ಕೂರಿಸಿ ಕೂರಿಸಿ ಅವರನ್ನ ಆಚೆ ಪ್ಲಾಟ್‌ಫಾರಂ ಮುಟ್ಟಿಸಿದೆ. ಅಷ್ಟರಲ್ಲಿ ಗಾಡಿ ಹೊರಟು ಹೋಯ್ತು. ಅವತ್ತು ಅಮ್ಮ ಅಂದಿದ್ದು, "ನಂದೇ ತಪ್ಪು ಕಣಪ್ಪ, ನಾನು ಬರಬಾರದಿತ್ತು" ಅಂತ. ಆ ಮಾತು ಕೇಳಿದವನು ಲಿಫ್ಟು ಬೇಡ ಅಂತಾನಾ?

ನಾನು ಕೇಳ್ತಿರೋದು ಯಾವುದು ಮೊದಲು ಅಂತ. ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ ನೆನಪು ಮಾಡ್ಕೊಳ್ಳಿ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಗೆ ಜನ ಕಿರಿದಾದ ಪಾದಚಾರಿ ಸೇತುವೆ ಮೇಲೆ ಒತ್ತಿ ನಿಂತಿದ್ರು. ನೂಕುನುಗ್ಗಲಾಗಿ 23 ಜನ ಸತ್ತರು. ಅಗಲವಾದ ಸೇತುವೆ ಬೇಕು ಅಂತ ಜನ ವರ್ಷಗಳಿಂದ ಕೇಳ್ತಾನೇ ಇದ್ರು. ಜನ ಸತ್ತ ಮೇಲೆ ಸೈನ್ಯವನ್ನು ಕರೆಸಿದ್ರು, 2018ರ ಫೆಬ್ರವರಿಗೆ ಹೊಸ ಸೇತುವೆ ಓಡಾಟಕ್ಕೆ ತೆರೆಯಿತು. ಕೆಲವೇ ತಿಂಗಳ ಕೆಲಸ! ಅಂದ್ರೆ ಆಗದೇ ಇರೋ ಕೆಲಸ ಅಲ್ಲ ಅದು. ಪಟ್ಟಿಯಲ್ಲಿ ಮೇಲೆ ಇರಲಿಲ್ಲ ಅಷ್ಟೇ. ಅದೇ ವರ್ಷ ಸ್ಟೇಷನ್ನಿಗೆ ಪ್ರಭಾದೇವಿ ಅಂತ ಹೊಸ ಹೆಸರೂ ಬಂತು.

ಗೆಳೆಯ ಇನ್ನೊಂದು ಮಾತು ಹೇಳಿದ. ಅಂಗಡಿಗಳ ಬಾಡಿಗೆಯಿಂದ ಬರೋ ದುಡ್ಡಲ್ಲೇ ರೈಲ್ವೆ ನಡೀಬೇಕು, ನಿಮ್ಮ ಪಾಸಿನ ದುಡ್ಡಲ್ಲಿ ಏನೂ ಆಗಲ್ಲ ಅಂತ. ಸರಿ, ಬಾಡಿಗೆ ತಗೊಳ್ಳಿ. ಆದ್ರೆ ಆ ಬಾಡಿಗೆಯಲ್ಲಿ ಎಷ್ಟು ಪಾಲು ಬೆಳಗಿನ ಗಾಡಿಗೆ ಬರುತ್ತೆ ಅಂತ ಅಲ್ಲೇ ಗೋಡೆ ಮೇಲೆ ಬರೆದು ಹಾಕಲಿ. ಮೊದಲ ಮುಕ್ಕಾಲು ಗಂಟೆ ಕೂತು ಶಾಪಿಂಗ್ ಮಾಡೋದು ವಿಮಾನದವರು, ಯಾಕಂದ್ರೆ ಅವರನ್ನ ಎರಡು ಗಂಟೆ ಮುಂಚೆ ಬರೋಕೆ ಹೇಳ್ತಾರೆ. ನಾವು ಗಾಡಿ ಇಳಿದ ತಕ್ಷಣ ಓಡುವವರು. ನಮಗೆ ಬೇಕಾದ್ದು ಅಗಲ ಮೆಟ್ಟಿಲು, ಬೇಗ ಹೊರಬೀಳೋ ಬಾಗಿಲು. ಕೂತ್ಕೊಳ್ಳೋ ಸೋಫಾ ಅಲ್ಲ.

ನಂಗೇನು ಬೇಕು?

ಬರೀ ಬೈದು ಹೋದ್ರೆ ಸರಿಯಲ್ಲ. ಪಟ್ಟಿ ಕೊಡ್ತೀನಿ, ಉದ್ದ ಏನಿಲ್ಲ.

1. ಬೆಳಿಗ್ಗೆ ಮತ್ತು ಸಂಜೆ ಬಂಗಾರಪೇಟೆ, ತುಮಕೂರು, ರಾಮನಗರ, ದೊಡ್ಡಬಳ್ಳಾಪುರ, ಹೊಸೂರು ಕಡೆಗೆ ಹೆಚ್ಚು ಮೆಮು ಗಾಡಿಗಳು. ಇರೋ ಗಾಡಿಗೆ ಹೆಚ್ಚು ಬೋಗಿ.

2. ಕಂಟೋನ್ಮೆಂಟ್ ಮತ್ತು ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಪೂರ್ತಿ ಆಗಿ, ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡೋಕೆ ನಮ್ಮನ್ನ ನಿಲ್ಲಿಸೋದು ತಪ್ಪಬೇಕು.

3. ಕಂಟೋನ್ಮೆಂಟ್ ರೈಲು ನಿಲ್ದಾಣದಿಂದ ಮೆಟ್ರೋ ಸ್ಟೇಷನ್ನಿಗೆ, ಮೇಲೆ ಮಾಡು ಇರೋ ನೇರ ನಡಿಗೆ ದಾರಿ. ದೂರ ಮಾಡಿದ್ದು ನೀವು, ಹತ್ತಿರ ಮಾಡೋದೂ ನಿಮ್ಮ ಕೆಲಸ.

4. ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರ ಎಲ್ಲ ಅಮೃತ ಭಾರತ ಯೋಜನೆಯಲ್ಲಿ ಇವೆ. ಒಳ್ಳೇದು. ಅಲ್ಲಿ ಮುಂಭಾಗಕ್ಕೆ ಕಮಾನು ಹಾಕೋ ಮುಂಚೆ ಪ್ಲಾಟ್‌ಫಾರಂ ಪೂರ್ತಿ ಉದ್ದಕ್ಕೂ ಮಾಡು, ಕುಡಿಯೋ ನೀರು, ಹೆಂಗಸರಿಗೆ ಬೀಗ ಹಾಕದ ಶೌಚಾಲಯ.

5. ಸ್ಟೇಷನ್ ವಿಡಿಯೋ ಬಿಡುಗಡೆ ಮಾಡುವಾಗ ಜೊತೆಗೆ ವೇಳಾಪಟ್ಟಿನೂ ಬಿಡುಗಡೆ ಮಾಡಿ. ಇವತ್ತು ಎಷ್ಟು ಗಾಡಿ, ಕೆಲಸ ಮುಗಿದ ಮೇಲೆ ಎಷ್ಟು ಗಾಡಿ. ಎರಡೇ ಸಂಖ್ಯೆ ಸಾಕು.

ಐದನೇದು ಕೊಟ್ರೆ ಉಳಿದ ನಾಲ್ಕರ ಬಣ್ಣ ತಾನಾಗೇ ಬಯಲಾಗುತ್ತೆ ಅನ್ನೋದು ನನ್ನ ಲೆಕ್ಕ.

1864ರಲ್ಲಿ ಈ ಸ್ಟೇಷನ್ ಕಟ್ಟಿದವರಿಗೆ ನಾವು ಲೆಕ್ಕಕ್ಕೇ ಇರಲಿಲ್ಲ. ಅವರು ಪರದೇಶದವರು, ಅವರ ದಂಡಿಗೆ ಕಟ್ಟಿಕೊಂಡರು, ಬಿಡಿ. ಈಗ ಕಟ್ಟುತ್ತಿರುವವರು ನಮ್ಮವರೇ, ನಮ್ಮ ದುಡ್ಡೇ. ಈಗಲೂ ಊರ್ಗಾಂನ ಆ ಅಕ್ಕ ಲೆಕ್ಕಕ್ಕೆ ಇಲ್ಲ ಅಂದ್ರೆ ನೂರಾ ಅರವತ್ತು ವರ್ಷದಲ್ಲಿ ಬದಲಾಗಿದ್ದು ಏನು? ಗೋಡೆಯ ಕಲ್ಲು ಹೋಗಿ ಗಾಜು ಬಂದಿದ್ದು ಅಷ್ಟೇನಾ?

ಅಪ್ಪಂಗೆ ಆ ವಿಡಿಯೋ ತೋರಿಸಿದ ದಿನ ರಾತ್ರಿ ಊಟಕ್ಕೆ ಕೂತಾಗ ಮತ್ತೆ ಕೇಳಿದ್ರು, "ನಾಳೆ ನಿನ್ನ ಗಾಡಿ ಎಷ್ಟೊತ್ತಿಗೆ?" ಅಂತ. ಹೇಳಿದೆ. "ಅಯ್ಯೋ, ಹತ್ತಿರ ಹತ್ತಿರ ನಮ್ಮ ಕಾಲದ್ದೇ ಟೈಮು" ಅಂದು ಸಾರು ಬಡಿಸ್ಕೊಂಡ್ರು.

ನಿಮ್ಮಲ್ಲಿ ತುಮಕೂರು, ಮಂಡ್ಯ, ದೊಡ್ಡಬಳ್ಳಾಪುರ ಕಡೆಯಿಂದ ಪಾಸಿನಲ್ಲಿ ಓಡಾಡುವವರು ಇದ್ರೆ ನಿಮ್ಮ ಗಾಡಿ ಕಥೆನೂ ಬರೀರಿ. ನಿಮ್ಮೂರ ಸ್ಟೇಷನ್ನಿಗೆ ಬಣ್ಣ ಬಂತಾ, ಗಾಡಿ ಬಂತಾ? ನಾನು ಹೇಳಿದ್ದು ತಪ್ಪಿದ್ರೆ ತಿದ್ದಿ, ಜಗಳ ಆಡಿ, ಬೇಜಾರಿಲ್ಲ. ಬೆಳಿಗ್ಗೆ ಗಾಡಿ ನಿಂತಾಗ ಓದ್ಕೋತೀನಿ. ದೇವನಗೊಂದಿ ಹತ್ತಿರ ಹೇಗೂ ಟೈಮ್ ಸಿಗುತ್ತೆ!